ಘಟ್ಟದ ತುದಿಯಲ್ಲೊಂದು ಊರು

ಮಂಗಳೂರಿನಿಂದ ಮೂಡಿಗೆರೆಗೋ ಚಿಕ್ಕಮಗಳೂರಿಗೋ ಬಸ್ಸಿನಲ್ಲಿ ಹೋದವರಾದರೆ ನೀವು ನಮ್ಮೂರನ್ನು ಖಂಡಿತ ನೋಡಿರುತ್ತೀರಿ. ಉಜಿರೆ ದಾಟಿ, ಚಾರ್ಮಾಡಿ ದಾಟಿ, ಘಾಟಿಯ ತಿರುವುಗಳಲ್ಲಿ ಮಕ್ಕಳು ವಾಂತಿ ಮಾಡಿ, ನಿಮಗೂ ತಲೆ ತಿರುಗಿ, ಇನ್ನು ಸಾಕಪ್ಪಾ ಎನ್ನುವಷ್ಟರಲ್ಲಿ ರಸ್ತೆ ಒಮ್ಮೆಲೇ ಸಮತಟ್ಟಾಗುತ್ತದೆ. ಕಿಟಕಿಯಿಂದ ತಣ್ಣನೆಯ ಗಾಳಿ ನುಗ್ಗುತ್ತದೆ. ರಸ್ತೆಯ ಎರಡೂ ಬದಿ ನಾಲ್ಕಾರು ಹೋಟೆಲು, ಹಣ್ಣಿನ ಅಂಗಡಿ, ಜೇನು ಮತ್ತು ಕಾಫಿ ಪುಡಿಯ ಅಂಗಡಿ. ನೀವು ಇಳಿದು ಬಿಸಿ ನೀರುದೋಸೆ ತಿಂದು, ಚಹಾ ಕುಡಿದು, ಮಕ್ಕಳ ಮುಖ ತೊಳೆಸಿ ಮತ್ತೆ ಬಸ್ಸು ಹತ್ತಿರುತ್ತೀರಿ. ಅದೇ ಕೊಟ್ಟಿಗೆಹಾರ.

ಹೆಚ್ಚಿನವರಿಗೆ ಅದೊಂದು ಹೋಟೆಲಿನ ಹೆಸರಿನಂತೆ ನೆನಪಿರುತ್ತದೆ. "ಎಲ್ಲಿಗೆ ಕೊಟ್ಟದ್ದು ನಿಮ್ಮನ್ನು?" ಎಂದು ಮದುವೆ ಮನೆಗಳಲ್ಲಿ ಯಾರಾದರೂ ಕೇಳಿದಾಗ ನಾನು ಊರ ಹೆಸರು ಹೇಳಿದರೆ, "ಓ, ನೀರುದೋಸೆ!" ಎನ್ನುತ್ತಾರೆ. ನಾನೂ ನಗುತ್ತೇನೆ. ಆದರೆ ಇಪ್ಪತ್ತೇಳು ವರ್ಷಗಳಿಗೂ ಮಿಕ್ಕಿ ಬಾಳಿದ ಊರನ್ನು ಒಂದು ದೋಸೆಯಲ್ಲಿ ಮುಗಿಸಿಬಿಟ್ಟರೆ ಮನಸ್ಸಿಗೆ ಸ್ವಲ್ಪ ಬೇಸರವಾಗುವುದೂ ನಿಜ. ಆದ್ದರಿಂದ ಇಂದು ನಿಮ್ಮನ್ನು ಹೋಟೆಲಿನ ಹಿಂದಕ್ಕೆ, ಊರಿನ ಒಳಕ್ಕೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಸ್ವಲ್ಪ ಪುರುಸೊತ್ತು ಮಾಡಿಕೊಳ್ಳಿ.

ಮೊದಲು ಊರು ಎಲ್ಲಿದೆ ಎಂದು ತಿಳಿಯೋಣ. ಇದು ಮೂಡಿಗೆರೆ ತಾಲೂಕು. ಇಲ್ಲಿ ಮೂರು ದಾರಿಗಳು ಕೂಡುತ್ತವೆ. ಒಂದು ಕೆಳಗೆ ಚಾರ್ಮಾಡಿಗೆ ಇಳಿದು ಕಡಲಿನ ಕಡೆ ಹೋಗುತ್ತದೆ. ಇನ್ನೊಂದು ಬಣಕಲ್ ಮಾರ್ಗವಾಗಿ ಮೂಡಿಗೆರೆಗೆ. ಮೂರನೆಯದು ಸುಂಕಸಾಲೆಯ ಕಡೆಯಿಂದ ಕಳಸ, ಹೊರನಾಡಿಗೆ. ಕೂಡುರಸ್ತೆಯ ಊರುಗಳೆಲ್ಲ ಪೇಟೆಗಳಾಗಿ ಬೆಳೆದವು, ನಮ್ಮದು ಮಾತ್ರ ಅಷ್ಟಕ್ಕೇ ನಿಂತಿತು. ಏಕೆಂದರೆ ಬೆಳೆಯಲು ಜಾಗವಿಲ್ಲ. ರಸ್ತೆ ಬಿಟ್ಟು ಹತ್ತು ಹೆಜ್ಜೆ ಇಟ್ಟರೆ ಒಂದೋ ಏರು, ಇಲ್ಲವೇ ಇಳಿಜಾರು. ಏರಿನಲ್ಲಿ ಕಾಫಿ, ಏಲಕ್ಕಿ, ಮೆಣಸು. ಇಳಿಜಾರಿನ ತಳದಲ್ಲಿ ಹಡ್ಲುಗದ್ದೆ. ಅದರಾಚೆ ಕಾಡು. ಮತ್ತೆ ಗುಡ್ಡ.

ಮಳೆಯ ನೀರಿಗೂ ಇಲ್ಲಿ ದಾರಿ ಕವಲೊಡೆಯುತ್ತದೆ. ನಮ್ಮ ಮನೆಯ ಹಂಚಿನ ಮೇಲೆ ಬಿದ್ದ ನೀರು ಪೂರ್ವಕ್ಕೆ ಹರಿದು ಹೇಮಾವತಿಯನ್ನು ಸೇರುತ್ತದೆ. ಹೇಮಾವತಿ ಹುಟ್ಟುವುದು ಇಲ್ಲಿಗೆ ಹತ್ತಿರದ ಜಾವಳಿಯಲ್ಲಿ. ಅದು ಗೊರೂರಿನ ಅಣೆಕಟ್ಟು ದಾಟಿ, ಕೃಷ್ಣರಾಜ ಸಾಗರದಲ್ಲಿ ಕಾವೇರಿಯೊಂದಿಗೆ ಕೂಡಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅದೇ ಮೋಡ ಸ್ವಲ್ಪ ಆಚೆ, ಘಾಟಿಯ ಅಂಚು ದಾಟಿ ಸುರಿದರೆ ಆ ನೀರು ಪಶ್ಚಿಮಕ್ಕೆ ಧುಮುಕಿ ನೇತ್ರಾವತಿಯಾಗಿ ಮಂಗಳೂರಿನ ಕಡಲಿಗೆ. ಇನ್ನು ಕಳಸದ ಕಡೆ ಬಿದ್ದದ್ದು ಭದ್ರೆಗೆ. ನನ್ನ ತವರು ಬೆಳ್ತಂಗಡಿ ತಾಲೂಕಿನಲ್ಲಿ, ನೇತ್ರಾವತಿಯ ಬದಿಯಲ್ಲಿ. ಮದುವೆಯಾದ ಹೊಸತರಲ್ಲಿ ಉಮ್ಮನ ನೆನಪಾದಾಗ, ಘಾಟಿಯ ಆ ಬದಿಗೆ ಬೀಳುವ ಮಳೆ ಉಮ್ಮನ ಮನೆಯ ಹತ್ತಿರ ಹೋಗುತ್ತದಲ್ಲಾ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಹುಡುಗಿಯರ ಬುದ್ಧಿ!

ನನ್ನನ್ನು ಇಲ್ಲಿಗೆ ಕೊಡುವಾಗ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯೇ ನಡೆದಿತ್ತು. "ಘಟ್ಟಕ್ಕೆ ಕೊಡುವುದಾ?" ಎಂದು ಅಜ್ಜಿ ಮುಖ ಸಿಂಡರಿಸಿದ್ದರು. ಕೆಳಗಿನವರಿಗೆ ಘಟ್ಟ ಎಂದರೆ ಚಳಿಜ್ವರ, ಜಿಗಣೆ, ಬಿಡದ ಮಳೆ. ಹಿಂದಿನ ಕಾಲದಲ್ಲಿ ಮಲೆನಾಡಿಗೆ ಹೋದವರನ್ನು ಮಲೇರಿಯಾ ಮುಗಿಸುತ್ತಿತ್ತು. ಬದುಕಿ ಬಂದವರು ಹಳದಿ ಕಣ್ಣು, ಉಬ್ಬಿದ ಹೊಟ್ಟೆ ಹೊತ್ತು ಬರುತ್ತಿದ್ದರಂತೆ. ಆದರೂ ಘಟ್ಟ ಹತ್ತುವವರು ಹತ್ತುತ್ತಲೇ ಇದ್ದರು. ಕೆಳಗೆ ಮಳೆಗಾಲದಲ್ಲಿ ಕೆಲಸವಿಲ್ಲ, ಗೇಣಿಯ ಗದ್ದೆಯಲ್ಲಿ ಉಳಿಯುವುದೇನೂ ಇಲ್ಲ, ಮೇಲೆ ತೋಟದಲ್ಲಿ ಕೂಲಿಯಾದರೂ ಸಿಗುತ್ತದೆ. ತುಳುವರು ಹೋದರು, ನಮ್ಮ ಬ್ಯಾರಿಗಳೂ ಹೋದರು. ಕೂಲಿಗೆ ಹೋದವರಿಗಿಂತ ಹೆಚ್ಚು ಮಂದಿ ವ್ಯಾಪಾರಕ್ಕೆ ಹೋದವರು.

ನನ್ನ ಮಾವನ ತಂದೆ ಅಂತಹ ಒಬ್ಬರು. ಒಣಮೀನಿನ ಹೊರೆಯನ್ನು ತಲೆಯ ಮೇಲೆ ಹೊತ್ತು ಕಾಲ್ನಡಿಗೆಯಲ್ಲಿ ಘಟ್ಟ ಹತ್ತಿದವರು. ಹೋಗುವಾಗ ಒಣಮೀನು, ಉಪ್ಪು. ಬರುವಾಗ ಏಲಕ್ಕಿ, ಮೆಣಸು. ಎತ್ತಿನ ಗಾಡಿಗಳಲ್ಲಿ ಕಾಫಿ ಕೆಳಗಿಳಿದು ಮಂಗಳೂರಿನ ಸಂಸ್ಕರಣಾ ಕಾರ್ಖಾನೆಗಳಿಗೆ ಹೋಗಿ, ಅಲ್ಲಿಂದ ಹಡಗು ಹತ್ತುತ್ತಿತ್ತು. ಅದೇ ದಾರಿಯಲ್ಲಿ ಮಂಗಳೂರು ಹಂಚು ಮೇಲಕ್ಕೆ ಬಂತು. ಇಂದಿಗೂ ಮಲೆನಾಡಿನ ಯಾವುದೇ ಹಳೆಯ ಮನೆಯ ಹಂಚೊಂದನ್ನು ಮಗುಚಿ ನೋಡಿದರೆ ಮಂಗಳೂರಿನ ಕಾರ್ಖಾನೆಯ ಅಚ್ಚು ಸಿಗುತ್ತದೆ. ನಮ್ಮ ಊರಿನ ಹೆಸರಿನಲ್ಲೇ ಕೊಟ್ಟಿಗೆ ಇದೆ. ಪಕ್ಕದ ಸುಂಕಸಾಲೆಯ ಹೆಸರಿನಲ್ಲಿ ಸುಂಕ ಇದೆ. ಗಾಡಿ, ಎತ್ತು, ಹೊರೆ, ಸುಂಕ, ಇವೆಲ್ಲ ಈ ದಾರಿಗಳ ಹಳೆಯ ಸಂಸಾರ.

ದಾರಿಗಳು ಎಷ್ಟು ಹಳೆಯವು ಎಂಬುದಕ್ಕೆ ಸುತ್ತಲಿನ ಗುಡ್ಡಗಳೇ ಸಾಕ್ಷಿ. ಸುಂಕಸಾಲೆಯ ಮೇಲೆ ಬಲ್ಲಾಳರಾಯನ ದುರ್ಗವೆಂಬ ಹಾಳು ಕೋಟೆಯಿದೆ. ಇದೇ ಮೂಡಿಗೆರೆ ತಾಲೂಕಿನ ಅಂಗಡಿ ಎಂಬ ಸಣ್ಣ ಹಳ್ಳಿಯೇ ಹಿಂದಿನ ಸೊಸೆವೂರು, ಬೇಲೂರು ಹಳೇಬೀಡುಗಳನ್ನು ಕಟ್ಟಿದ ಹೊಯ್ಸಳರ ಮೂಲಸ್ಥಾನ. ಅಷ್ಟು ದೊಡ್ಡ ರಾಜಮನೆತನ ಕಾಡಿನ ನಡುವಿನ ಇಂತಹ ಊರಿನಲ್ಲಿ ಹುಟ್ಟಿತೇ ಎಂದು ಅಲ್ಲಿಗೆ ಹೋದವರಿಗೆ ಆಶ್ಚರ್ಯವಾಗುತ್ತದೆ. ನಾನಂತೂ ಅಲ್ಲಿಗೆ ಹೋದಾಗ ಊರಿನ ಹೆಸರನ್ನೇ ಯೋಚಿಸುತ್ತಿದ್ದೆ, ಅಂಗಡಿ! ವ್ಯಾಪಾರದ ದಾರಿಯನ್ನು ಕಾಯುವವನು ರಾಜನಾಗುತ್ತಾನೆ ಎಂದು ನನ್ನ ಅಂದಾಜು. ಚರಿತ್ರೆ ಓದಿದವರು ನಗಬಹುದು.

ಕಾಫಿಯ ಕಥೆ ನಿಮಗೆ ಗೊತ್ತೇ ಇದೆ. ಹಜ್ ಯಾತ್ರೆ ಮುಗಿಸಿ ಬಂದ ಬಾಬಾ ಬುಡನ್‌ರು ಯಮನ್‌ನ ಮೋಖಾ ಬಂದರಿನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಮಾತು. 1670ರ ಸುಮಾರು ಎನ್ನುತ್ತಾರೆ. ಅನಂತರ ಸುಮಾರು ಒಂದೂವರೆ ಶತಮಾನ ಅದು ಮನೆಯ ಹಿತ್ತಿಲ ಗಿಡವಾಗಿಯೇ ಇತ್ತು. 1820-30ರ ದಶಕಗಳಲ್ಲಿ ಬ್ರಿಟಿಷರು ತೋಟ ಮಾಡಿದ ಮೇಲೆ ಗುಡ್ಡದ ಮೇಲೆ ಗುಡ್ಡ ಕಾಫಿಯಾಯಿತು. ಇದರಲ್ಲಿ ನನಗೆ ಕುತೂಹಲವೆನಿಸುವುದು ಬೇರೆಯೇ ವಿಷಯ. ಯಮನ್‌ನ ಬೆಟ್ಟಗಳಲ್ಲಿ ರೈತರು ಕಲ್ಲಿನ ಕಟ್ಟೆ ಕಟ್ಟಿ, ಮೆಟ್ಟಿಲು ಮೆಟ್ಟಿಲಾಗಿ ಮಣ್ಣು ಹಿಡಿದು ನಿಲ್ಲಿಸಿ ಕಾಫಿ ಬೆಳೆದರು. ಇಲ್ಲಿಯವರು ಕಾಡಿನ ದೊಡ್ಡ ಮರಗಳನ್ನು ನೆರಳಿಗೆಂದು ಉಳಿಸಿಕೊಂಡು, ಅವುಗಳ ಅಡಿಯಲ್ಲಿ ಬೆಳೆದರು. ಅಲ್ಲಿ ಮಣ್ಣು ಹಿಡಿದದ್ದು ಕಲ್ಲು, ಇಲ್ಲಿ ಬೇರು. ಗುಡ್ಡದಲ್ಲಿ ಬದುಕುವವರಿಗೆ ಈ ಎರಡರಲ್ಲಿ ಒಂದಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಾವು ತಡವಾಗಿ ಕಲಿತೆವು. ಆ ಮಾತಿಗೆ ಆಮೇಲೆ ಬರುತ್ತೇನೆ.

ನನ್ನ ಮಾಮಿ, ಅಂದರೆ ನಮ್ಮವರ ತಾಯಿ, 1955ರಲ್ಲಿ ಮದುವಣಗಿತ್ತಿಯಾಗಿ ಇಲ್ಲಿಗೆ ಬಂದವರು. ಆಗ ದಕ್ಷಿಣ ಕನ್ನಡ ಮದ್ರಾಸು ರಾಜ್ಯದಲ್ಲಿತ್ತು, ಮೂಡಿಗೆರೆ ಮೈಸೂರು ರಾಜ್ಯದಲ್ಲಿ. ಘಾಟಿಯೇ ಗಡಿ. 1956ರ ನವೆಂಬರ್ 1ರಂದು ಎರಡೂ ಒಂದೇ ರಾಜ್ಯವಾದವು. "ಉಪ್ಪಿನ ಮೂಟೆ ತುಂಬಿದ ಲಾರಿಯ ಮುಂದಿನ ಸೀಟಿನಲ್ಲಿ ಕೂತು ಮದ್ರಾಸಿನಿಂದ ಮೈಸೂರಿಗೆ ಬಂದೆ" ಎಂದು ಮಾಮಿ ಹೇಳುವಾಗ ನನ್ನ ಮಕ್ಕಳು ಬಾಯಿ ಬಿಟ್ಟು ಕೇಳುತ್ತಿದ್ದರು. ನಿಜವಾಗಿ ಬಂದದ್ದು ಘಟ್ಟದ ಕೆಳಗಿನಿಂದ ಮೇಲಕ್ಕೆ, ಅಷ್ಟೇ.

ಮಾವ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ ಬರೆಯುವುದು, ಕಣದಲ್ಲಿ ಒಣಗುವ ಕಾಫಿಯ ಲೆಕ್ಕ ಇಡುವುದು, ಇದರ ಜೊತೆಗೆ ಅವರಿಗೊಂದು ಕೆಲಸವಿತ್ತು, ಮಳೆ ಅಳೆಯುವುದು. ಕಾಫಿ ತೋಟದವರಿಗೆ ಮಳೆಯ ಲೆಕ್ಕವೆಂದರೆ ಬ್ಯಾಂಕಿನ ಲೆಕ್ಕದಷ್ಟೇ ಮುಖ್ಯ. ಅವರು ಮಿಲಿಮೀಟರ್ ಹೇಳುವುದಿಲ್ಲ. ಇಂಚು ಮತ್ತು ಸೆಂಟು. ನೂರು ಸೆಂಟಿಗೆ ಒಂದು ಇಂಚು. ಮಾರ್ಚ್, ಏಪ್ರಿಲಿನಲ್ಲಿ ಬೀಳುವ ಹೂಮಳೆ ಒಂದು ಇಂಚು ಸರಿಯಾಗಿ ಬಿದ್ದರೆ ಕಾಫಿ ಹೂವಾಗುತ್ತದೆ, ಇಡೀ ಗುಡ್ಡ ಮಲ್ಲಿಗೆಯಂತೆ ಘಮಘಮಿಸುತ್ತದೆ. ಹತ್ತು ಸೆಂಟ್ ಬಿದ್ದು ನಿಂತರೆ ಮೊಗ್ಗು ಸುಟ್ಟು ಹೋಗುತ್ತದೆ. ಮಾವ ಕೆಲಸ ಬಿಟ್ಟ ಮೇಲೂ ಅಭ್ಯಾಸ ಬಿಡಲಿಲ್ಲ. ನಮ್ಮ ಎರಡು ಎಕರೆಯ ಅಂಗಳದಲ್ಲಿ ಒಂದು ಮಳೆಮಾಪಕ ನೆಟ್ಟು, ಪ್ರತಿದಿನ ಬೆಳಗ್ಗೆ ಎಂಟು ಗಂಟೆಗೆ ಗಾಜಿನ ಅಳತೆಗೆ ಸುರಿದು ನೋಡಿ ಒಂದು ಉದ್ದನೆಯ ಪುಸ್ತಕದಲ್ಲಿ ಬರೆಯುತ್ತಿದ್ದರು. ಘಾಟಿಯ ಈ ಅಂಚಿನಲ್ಲಿ ವರ್ಷಕ್ಕೆ ನೂರು ಇಂಚು ದಾಟುವುದು ಸಾಮಾನ್ಯ. ಇದೇ ಜಿಲ್ಲೆಯ ಕಡೂರಿನಲ್ಲಿ ಅದರ ಸುಮಾರು ಕಾಲು ಭಾಗ. ಒಂದು ಜಿಲ್ಲೆಯೊಳಗೆ ಎಂತಹ ವ್ಯತ್ಯಾಸ ನೋಡಿ. 2003ರಲ್ಲಿ ಮಾವ ತೀರಿಕೊಂಡ ಮೇಲೆ ಆ ಪುಸ್ತಕ ನನ್ನ ಕೈಗೆ ಬಂತು. ಅಲ್ಲಾಹನು ಅವರ ಕಬರನ್ನು ವಿಶಾಲಗೊಳಿಸಲಿ.

ಮಾಮಿಗೆ ಓದಲು ಬರುವುದು ಕುರ್‌ಆನ್ ಮಾತ್ರ. ಕನ್ನಡದ ಅಂಕೆಗಳು ಗೊತ್ತಿಲ್ಲ. ಆದರೆ ಅವರ ತಲೆಯಲ್ಲಿ ಎರಡು ಕ್ಯಾಲೆಂಡರುಗಳಿವೆ. ಒಂದು ಮುಹರ್ರಮ್‌ನಿಂದ ದುಲ್‌ಹಜ್‌ವರೆಗಿನ ತಿಂಗಳುಗಳು. ಇನ್ನೊಂದು ನೆರೆಯ ಗೌಡರ ಮನೆಯವರಿಂದ ಕಲಿತ ಮಳೆಗಳ ಹೆಸರು, ಮೃಗಶಿರ, ಆರಿದ್ರ, ಪುನರ್ವಸು, ಪುಷ್ಯ, ಆಶ್ಲೇಷ. ಮಳೆಗಳು ಪ್ರತಿವರ್ಷ ಅದೇ ಹೊತ್ತಿಗೆ ಬರುತ್ತವೆ. ನಮ್ಮ ತಿಂಗಳುಗಳು ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತವೆ. ಹೀಗಾಗಿ ಸುಮಾರು ಮೂವತ್ಮೂರು ವರ್ಷಗಳಲ್ಲಿ ರಮಝಾನ್ ಎಲ್ಲ ಮಳೆಗಳನ್ನೂ ಎಲ್ಲ ಬೆಳೆಗಳನ್ನೂ ಒಮ್ಮೆ ಸುತ್ತಿ ಬರುತ್ತದೆ. ನಾನು ಇಲ್ಲಿಗೆ ಬಂದ 1998ರಲ್ಲಿ ರಮಝಾನ್ ಡಿಸೆಂಬರಿನಲ್ಲಿತ್ತು. ಕಾಫಿ ಕೊಯ್ಲಿನ ಕಾಲ. ಹಗಲು ಚಿಕ್ಕದು, ಉಪವಾಸ ಸುಲಭ, ಆದರೆ ಸಹರಿಗೆ ಏಳುವಾಗ ನೀರು ಮುಟ್ಟಿದರೆ ಕೈ ಮರಗಟ್ಟುತ್ತಿತ್ತು. ಆಮೇಲೆ ಅದು ಮಳೆಗಾಲಕ್ಕೆ ಬಂತು. ಕರೆಂಟಿಲ್ಲ, ವಾರಗಟ್ಟಲೆ ಸೂರ್ಯನೇ ಕಾಣುವುದಿಲ್ಲ, ಮಳೆಯ ಸದ್ದಿಗೆ ಬಾಂಗ್ ಕೇಳುವುದಿಲ್ಲ. ಮಸೀದಿಯ ಬಳಿ ಒಬ್ಬ ಹುಡುಗನನ್ನು ನಿಲ್ಲಿಸಿ, ಅವನು ಓಡಿಬಂದು "ಆಯಿತು" ಎಂದ ಮೇಲೆ ನಾವು ಖರ್ಜೂರ ಬಾಯಿಗಿಡುತ್ತಿದ್ದೆವು. ಈಗ ಅದು ಮತ್ತೆ ಕೊಯ್ಲಿನ ಕಾಲದತ್ತ ಬರುತ್ತಿದೆ. ಒಂದು ಸುತ್ತು ಮುಗಿಯುತ್ತಾ ಬಂತು ಎಂದು ಮಾಮಿ ಬೆರಳೆಣಿಸುತ್ತಾರೆ.

ಮಳೆಗಾಲದ ರಮಝಾನ್‌ಗಳಲ್ಲಿ 2018ರದ್ದು ಮರೆಯುವಂತಿಲ್ಲ. ಜೂನ್ 11, ಸೋಮವಾರ. ಮೃಗಶಿರ ಮಳೆ. ನಮ್ಮ ಕಡೆ ಅಂದು ಇಪ್ಪತ್ತೇಳನೆಯ ರಾತ್ರಿ. ಸಂಜೆಯಿಂದಲೇ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚಿತ್ತು. ನೂರಾರು ವಾಹನಗಳು ನಡುವೆ ಸಿಕ್ಕಿಬಿದ್ದವು. ಹಿಂದಕ್ಕೂ ಹೋಗಲಾಗದು, ಮುಂದಕ್ಕೂ ಬರಲಾಗದು. ಆ ಸಾಲಿನಲ್ಲಿ ನನ್ನ ತಮ್ಮನೂ ಇದ್ದ, ಮಕ್ಕಳಿಗೆ ಹಬ್ಬದ ಬಟ್ಟೆ ತರುತ್ತಿದ್ದವನು. ಘಾಟಿಯಲ್ಲಿ ಫೋನು ಸಿಗುವುದಿಲ್ಲ. ವರ್ಷದಲ್ಲೇ ಹಿರಿದಾದ ರಾತ್ರಿ ಎಂದು ನಾನು ಕುರ್‌ಆನ್ ಹಿಡಿದು ಕೂತರೂ ಅಕ್ಷರ ಕಾಣುತ್ತಿರಲಿಲ್ಲ. ಮಾಮಿ ಒಳಗಿನಿಂದ ಬಂದು, "ಮಗಳೇ, ಎದ್ದು ಗಂಜಿಗಿಡು. ಬಸ್ಸಿನಲ್ಲಿ ಮಕ್ಕಳಿರುತ್ತಾರೆ. ಇಂದು ಇದೂ ಇಬಾದತ್ತೇ" ಎಂದರು. ಆ ರಾತ್ರಿ ಊರಿನ ಹಲವು ಅಡುಗೆ ಮನೆಗಳಲ್ಲಿ ಒಲೆ ಆರಲಿಲ್ಲ. ಗೌಡರ ಮನೆಯ ಅಕ್ಕ ದೊಡ್ಡ ಪಾತ್ರೆಯಲ್ಲಿ ಉಪ್ಪಿಟ್ಟು ಮಾಡಿಕೊಟ್ಟರು. ತರಾವೀಹ್ ಮುಗಿಸಿದ ಗಂಡಸರು ಬಾಳೆಹಣ್ಣು, ಬ್ರೆಡ್ಡು, ಚಹಾದ ಕ್ಯಾನು ಹೊತ್ತು ಜೀಪಿನಲ್ಲಿ ಹೋಗುವಷ್ಟು ದೂರ ಹೋಗಿ, ಆಮೇಲೆ ನಡೆದರು. ಕೆಳಗಿನ ಚಾರ್ಮಾಡಿ ಕಡೆಯವರೂ ಹಾಗೆಯೇ ಮೇಲಕ್ಕೆ ಬಂದಿದ್ದರಂತೆ. ತಮ್ಮ ಮರುದಿನ ಮಧ್ಯಾಹ್ನ ಮನೆ ಮುಟ್ಟಿದ. ತನಗೆ ಸಹರಿಗೆ ಗಂಜಿ ಕೊಟ್ಟವರು ಯಾರೆಂದು ಕತ್ತಲಲ್ಲಿ ಗೊತ್ತಾಗಲಿಲ್ಲ ಎಂದ. ಹಬ್ಬದ ಬಟ್ಟೆಗೆ ಮಣ್ಣು ಮೆತ್ತಿತ್ತು.

ಆಗ ನಾವು ಅದನ್ನು ಒಂದು ಎಚ್ಚರಿಕೆ ಎಂದು ತಿಳಿಯಲಿಲ್ಲ. ಅದೇ ವರ್ಷ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜಾರಿದಾಗಲೂ, ಅದು ಕೊಡಗು ಎಂದುಕೊಂಡೆವು.

ಈಗ ನನ್ನ ಸ್ವಂತ ತಪ್ಪಿನ ವಿಷಯ ಹೇಳಬೇಕು. ಪ್ರವಾಸಿಗರು ಹೆಚ್ಚಾಗಿ, ಊರಲ್ಲೆಲ್ಲ ಹೋಂಸ್ಟೇಗಳು ಏಳುತ್ತಿದ್ದ ಕಾಲ. 2016ರಲ್ಲಿ ನಾವೂ ಮನೆಯ ಹಿಂದೆ ಎರಡು ಕೋಣೆ ಕಟ್ಟಿಸಿದೆವು. ಮನೆಯ ಹಿಂದೆ ಜಾಗ ಎಲ್ಲಿದೆ? ಗುಡ್ಡವಿದೆ. ಜೆಸಿಬಿ ಬಂದು ಅರ್ಧ ದಿನದಲ್ಲಿ ಗುಡ್ಡದ ಬುಡವನ್ನು ಗೋಡೆಯಂತೆ ನೆಟ್ಟಗೆ ಕಡಿಯಿತು. ಅಲ್ಲೊಂದು ಮಳೆಗಾಲದಲ್ಲಿ ಮಾತ್ರ ಹರಿಯುವ ಸಣ್ಣ ಹಳ್ಳವಿತ್ತು. ಅದಕ್ಕೆ ಮಣ್ಣು ತುಂಬಿ, ನೀರು ಹೋಗಲು ಒಂದು ಪೈಪು ಹಾಕಿದೆವು. ಎರಡು ದೊಡ್ಡ ಮರಗಳೂ ಹೋದವು. ಮಾಮಿ ಬೇಡವೆಂದರು. "ನಿಮ್ಮ ಮಾವ ಇದ್ದಿದ್ದರೆ ಆ ಹಳ್ಳ ಮುಟ್ಟಲು ಬಿಡುತ್ತಿರಲಿಲ್ಲ" ಎಂದರು. ನಮ್ಮವರು ಸ್ವಲ್ಪ ಹಿಂಜರಿದರು. ಹಠ ಹಿಡಿದವಳು ನಾನು. ಎರಡು ಎಕರೆಯ ಕಾಫಿಯಿಂದ ಮೂವರು ಮಕ್ಕಳ ಫೀಸು ಹೊರಡುವುದಿಲ್ಲ ಎಂಬುದು ನನ್ನ ವಾದ. ವಾದದಲ್ಲಿ ಸುಳ್ಳೇನೂ ಇರಲಿಲ್ಲ. ಕಾಫಿಯ ಬೆಲೆ ಅಷ್ಟಕ್ಕಷ್ಟೇ ಇತ್ತು, ಅರೇಬಿಕಾಕ್ಕೆ ಕಾಂಡಕೊರಕ ಹಿಡಿದಿತ್ತು, ಏಲಕ್ಕಿಯನ್ನು ಕಟ್ಟೆರೋಗ ಎಂದೋ ತಿಂದಿತ್ತು. ಮೂರು ವರ್ಷ ಆ ಕೋಣೆಗಳು ನಮಗೆ ಅನ್ನ ಹಾಕಿದವು.

2019ರ ಆಗಸ್ಟ್ ಮೊದಲ ವಾರ ಆಶ್ಲೇಷ ಮಳೆ ಶುರುವಾಯಿತು. ಮಳೆಮಾಪಕದ ಬಾಟಲಿ ಬೆಳಗಾಗುವ ಮೊದಲೇ ತುಂಬುತ್ತಿತ್ತು. ರಾತ್ರಿ ಎದ್ದು ಕೊಡೆ ಹಿಡಿದು ಒಮ್ಮೆ ಖಾಲಿ ಮಾಡಿ ಬರುತ್ತಿದ್ದೆ. ಆಗಸ್ಟ್ 9, ಶುಕ್ರವಾರದ ಪುಟದಲ್ಲಿ ಅಂಕೆಯೇ ಇಲ್ಲ. "ತುಂಬಿ ಚೆಲ್ಲಿದೆ" ಎಂದು ಮಾತ್ರ ಬರೆದಿದ್ದೇನೆ. ಅದನ್ನೂ ಬರೆದದ್ದು ವಾರದ ನಂತರ.

ಅಂದು ಫಜ್ರ್‌ಗೆ ಸ್ವಲ್ಪ ಮೊದಲು ಮನೆಯ ಹಿಂದೆ ಲಾರಿಯಿಂದ ಜಲ್ಲಿ ಸುರಿದಂತಹ ಸದ್ದು. ಪೈಪು ಕಟ್ಟಿಕೊಂಡು, ಹಳ್ಳದ ನೀರೆಲ್ಲ ಕಡಿದ ಗುಡ್ಡದ ಒಳಗೆ ಇಳಿದು, ಆ ಗೋಡೆಯಂತಹ ಮಣ್ಣು ಕುಸಿದು ಎರಡೂ ಕೋಣೆಗಳ ಮೇಲೆ ಬಿತ್ತು. ಒಂದರಲ್ಲಿ ಹದಿಮೂರು ವರ್ಷದ ನನ್ನ ಮಗಳು ಓದಿ ಮಲಗುತ್ತಿದ್ದಳು. ಅಂದು ಕರೆಂಟಿಲ್ಲದ ಕಾರಣ ಹೆದರಿ ಅಜ್ಜಿಯ ಪಕ್ಕದಲ್ಲಿ ಬಂದು ಮಲಗಿದ್ದಳು. ಅಲ್‌ಹಮ್ದುಲಿಲ್ಲಾಹ್ ಎಂದು ಎಷ್ಟು ಸಲ ಹೇಳಿದರೂ ನನಗೆ ಆ ಮಾತು ಮುಗಿದಂತೆ ಅನಿಸುವುದಿಲ್ಲ. ಟಾರ್ಚಿನ ಬೆಳಕಿನಲ್ಲಿ ಅವಳ ಮಂಚದ ಒಂದು ಕಾಲು ಮಾತ್ರ ಮಣ್ಣಿನ ಹೊರಗೆ ಕಾಣುತ್ತಿತ್ತು.

ನಮ್ಮದು ಎರಡು ಕೋಣೆಯ ಕಥೆ. ಹತ್ತಿರದ ಮಲೆಮನೆಯಲ್ಲಿ ಅದೇ ದಿನ ಗುಡ್ಡವೇ ಇಳಿದು ಬಂತು. ಮನೆ, ತೋಟ, ಗದ್ದೆ, ತಲೆಮಾರುಗಳ ದುಡಿಮೆ ಮಣ್ಣು ನೀರಿನೊಂದಿಗೆ ಹೋಯಿತು. ಮಧುಗುಂಡಿ, ಆಲೇಖಾನ್ ಹೊರಟ್ಟಿ, ಹೀಗೆ ಸುತ್ತಲಿನ ಎಷ್ಟೋ ಹಳ್ಳಿಗಳ ಹೆಸರು ಆ ವಾರ ಮೊದಲ ಬಾರಿ ಪತ್ರಿಕೆಗಳಲ್ಲಿ ಬಂತು. ಹೊಟ್ಟೆಪಾಡಿಗೆ ಗುಡ್ಡ ಕಡಿದವರು ನಾವಾದರೆ, ಏನೂ ಕಡಿಯದವರ ಮನೆಯೂ ಹೋಯಿತು. ಅದನ್ನು ನೆನೆದರೆ ಇಂದಿಗೂ ತಲೆ ತಗ್ಗುತ್ತದೆ. ಮನೆ ಕಳೆದುಕೊಂಡ ಕುಟುಂಬಗಳು ಬದಲಿ ಜಾಗಕ್ಕಾಗಿ ಬಾಡಿಗೆ ಮನೆಗಳಲ್ಲಿ ವರ್ಷಗಟ್ಟಲೆ ಕಾದವು. ಆಗಸ್ಟ್ 12ರಂದು ಬಕ್ರೀದ್. ಹೊಸ ಬಟ್ಟೆ ಯಾರೂ ಉಡಲಿಲ್ಲ. ಪರಿಹಾರ ಕೇಂದ್ರಕ್ಕೆ ಅಕ್ಕಿ, ಕಂಬಳಿ ಹೊರುವುದರಲ್ಲಿ ಹಬ್ಬ ಕಳೆಯಿತು.

ಚಾರ್ಮಾಡಿ ಘಾಟಿ ಕೆಲವು ತಿಂಗಳು ಮುಚ್ಚಿತು. ತೆರೆದ ಮೇಲೂ ಭಾರೀ ವಾಹನಗಳಿಗೆ ಬಹುಕಾಲ ಅವಕಾಶವಿರಲಿಲ್ಲ. ನಮಗೆ ದೊಡ್ಡ ಆಸ್ಪತ್ರೆ ಎಂದರೆ ಮಂಗಳೂರು. ಆ ಮಳೆಗಾಲದಲ್ಲಿ ತವರಿನಲ್ಲಿ ಉಮ್ಮನಿಗೆ ಕಾಯಿಲೆ ಜೋರಾದಾಗ ನಾನು ಕಳಸ, ಕುದುರೆಮುಖ ಸುತ್ತಿ, ಕಾರ್ಕಳಕ್ಕಿಳಿದು ಹೋದೆ. ಕಣ್ಣಿಗೆ ಕಾಣುವಷ್ಟು ಹತ್ತಿರದ ತವರಿಗೆ ಒಂದು ಹಗಲೇ ಹಿಡಿಯಿತು. ಅಣ್ಣಪ್ಪ ಸ್ವಾಮಿ ಗುಡಿಯ ಬಳಿ ಬಸ್ಸಿನ ಡ್ರೈವರು ಗಾಡಿ ನಿಧಾನ ಮಾಡಿ ಕೈಮುಗಿಯುವಾಗ, ನಾವು ಮನಸ್ಸಿನಲ್ಲೇ ದುಆ ಓದಿಕೊಳ್ಳುವಾಗ, ಆ ಘಾಟಿ ನಮ್ಮ ಪಾಲಿಗೆ ಏನೆಂದು ನಾವು ಎಂದೂ ಯೋಚಿಸಿರಲಿಲ್ಲ.

ಒಂದು ಸಂಜೆ ಮಗಳು ಕೇಳಿದಳು, "ಉಮ್ಮಾ, ಪರ್ವತಗಳನ್ನು ಅಲ್ಲಾಹನು ಗೂಟಗಳಂತೆ ಮಾಡಿದ್ದಾನೆ ಎಂದು ಮದ್ರಸದಲ್ಲಿ ಉಸ್ತಾದ್ ಕಲಿಸಿದ್ದಾರೆ. ಗೂಟ ಯಾಕೆ ಜಾರಿತು?" ನನಗೆ ಉತ್ತರ ಹೊಳೆಯಲಿಲ್ಲ. ತಸ್ಬೀಹ್ ಎಣಿಸುತ್ತಿದ್ದ ಮಾಮಿ ತಲೆಯೆತ್ತದೆಯೇ, "ಗೂಟ ಗಟ್ಟಿಯೇ ಇತ್ತು ಮಗೂ. ಅದರ ಬುಡ ಅಗೆದದ್ದು ಯಾರು, ನಿನ್ನ ಉಮ್ಮನನ್ನು ಕೇಳು" ಎಂದರು. ಅಷ್ಟು ದಿನ ಅವರು ನನಗೆ ಒಂದು ಮಾತನ್ನೂ ಅಂದಿರಲಿಲ್ಲ. ಅಂದು ಒಮ್ಮೆ ಅಂದರು, ಮತ್ತೆಂದೂ ಎತ್ತಲಿಲ್ಲ. ಮಲೆಮನೆಯವರ ಬಗ್ಗೆ ಮಗಳು ಕೇಳಿದಾಗ ಮಾತ್ರ ಅವರು ಸುಮ್ಮನಾದರು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದು ಮಾತು ಮುಗಿದೇ ಇಲ್ಲ. ಮಾರಿ ಕೆಳಗೆ ಹೋಗುವುದೋ, ಇಲ್ಲೇ ಇರುವುದೋ? ನಮ್ಮವರು ಉಜಿರೆಯ ಹತ್ತಿರ ಹತ್ತು ಸೆಂಟ್ಸ್ ಜಾಗ ನೋಡಿ ಬಂದರು. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲೆಯಲ್ಲಿ ರಾತ್ರಿ ಬೆಳಗಾಗುವುದರೊಳಗೆ ಇನ್ನೂರಕ್ಕೂ ಹೆಚ್ಚು ಜನ ಮಣ್ಣುಪಾಲಾದಾಗ ನಾವು ಯಾರೂ ಊಟ ಮಾಡಲಿಲ್ಲ. ಅವೂ ನಮ್ಮಂತಹ ಊರುಗಳೇ. ತೋಟ, ಲೈನ್ ಮನೆ, ಮಸೀದಿ, ಶಾಲೆ, ಹೊಳೆ. ಮಂಗಳೂರಿನಲ್ಲಿ ಓದುತ್ತಿದ್ದ ಮಗಳು ಫೋನಿನಲ್ಲಿ ಅತ್ತಳು. "ಇಳಿದು ಬನ್ನಿ ಉಮ್ಮಾ" ಎಂದಳು.

ಕೊಳ್ಳುವವರಿಗೇನೂ ಕಡಿಮೆಯಿಲ್ಲ. ಬ್ರೋಕರುಗಳು ಬೆಂಗಳೂರಿನವರನ್ನು ಕರೆದುಕೊಂಡು ಬರುತ್ತಾರೆ. ನಮ್ಮ ತೋಟದ ಮೇಲಿನ ಬದಿಯಿಂದ ನೋಡಿದರೆ ಕಣಿವೆ, ಮಂಜು ಎಲ್ಲ ಕಾಣುತ್ತದೆ. ರೆಸಾರ್ಟಿಗೆ ಹೇಳಿ ಮಾಡಿಸಿದ ಜಾಗ ಎನ್ನುತ್ತಾರೆ. ಅವರು ಹೇಳುವ ಹಣ ಕೇಳಿದರೆ ನಮ್ಮ ಸಾಲ ತೀರಿ, ಮಕ್ಕಳ ಮದುವೆಯೂ ಆಗುತ್ತದೆ. ಎಂಬತ್ತೈದು ದಾಟಿದ ಮಾಮಿ ಒಂದೇ ಮಾತು ಕೇಳಿದರು, "ನಾವು ಇಳಿದು ಹೋಗುತ್ತೇವೆ, ಸರಿ. ಅವರು ಮೇಲಿನ ಗುಡ್ಡ ಕಡಿಯುತ್ತಾರೆ. ಕೆಳಗೆ ಗೌಡರ ಮನೆಯಿದೆ. ಅದರ ಕೆಳಗೆ ಆಳುಗಳ ನಾಲ್ಕು ಮನೆಯಿದೆ. ಅವರು ಎಲ್ಲಿಗೆ ಇಳಿಯುವುದು?" ಗಂಜಿಯ ರಾತ್ರಿ ಉಪ್ಪಿಟ್ಟು ಮಾಡಿಕೊಟ್ಟ ಅಕ್ಕನ ಮನೆಯದು. ನಮ್ಮವರು ಬ್ರೋಕರಿಗೆ ಫೋನು ಮಾಡಿ ಇನ್ನೊಂದು ವರ್ಷ ನೋಡುತ್ತೇವೆ ಎಂದರು. ಪ್ರತಿವರ್ಷ ಹಾಗೆಯೇ ಹೇಳುತ್ತಿದ್ದಾರೆ.

ನಾವು ಮಾಡಿದ್ದು ಇಷ್ಟು. ಬಿದ್ದ ಕೋಣೆಗಳನ್ನು ಮತ್ತೆ ಕಟ್ಟಲಿಲ್ಲ. ಮಣ್ಣು ತೆಗೆಸಿ, ಕಡಿದ ಗುಡ್ಡವನ್ನು ಮೂರು ಮೆಟ್ಟಿಲು ಮಾಡಿ, ಕಲ್ಲು ಕಟ್ಟಿದೆವು, ಯಮನ್‌ನವರಂತೆ ಎಂದು ಮಗಳು ತಮಾಷೆ ಮಾಡುತ್ತಾಳೆ. ಮೆಟ್ಟಿಲುಗಳ ಮೇಲೆ ಲಾವಂಚ, ಹಾಲುವಾಣ, ಹಲಸು ನೆಟ್ಟೆವು. ಪೈಪು ಕಿತ್ತು ಹಳ್ಳಕ್ಕೆ ಅದರ ದಾರಿ ಬಿಟ್ಟುಕೊಟ್ಟೆವು. ಅದರಿಂದಾಗಿ ಬಟ್ಟೆ ಒಗೆಯುವ ಕಲ್ಲು, ಕೋಳಿಗೂಡು ಎರಡನ್ನೂ ಬೇರೆಡೆಗೆ ಸಾಗಿಸಬೇಕಾಯಿತು. ಮೇ ತಿಂಗಳಲ್ಲಿ ಹಳ್ಳದ ಎಲೆ, ಕಸ ತೆಗೆಯುವುದು ಈಗ ಮನೆಯ ಕಡ್ಡಾಯ ಕೆಲಸ. ಇಷ್ಟರಿಂದ ಗುಡ್ಡ ನಿಲ್ಲುತ್ತದೆಯೇ ಎಂದು ನೀವು ಕೇಳಿದರೆ, ನಮ್ಮ ಎರಡು ಎಕರೆ ನಿಲ್ಲಬಹುದು, ಮೇಲಿನ ಗುಡ್ಡ ಯಾರ್‍ಯಾರ ಕೈಯಲ್ಲಿದೆಯೋ! ಉಜಿರೆಯ ಜಾಗಕ್ಕೆ ಮುಂಗಡ ಕೊಡುವ ಮಾತು ಇನ್ನೂ ಹಾಗೆಯೇ ಇದೆ. ಮಳೆ ಜೋರಾದ ರಾತ್ರಿಗಳಲ್ಲಿ ನಾವೆಲ್ಲ ಮುಂದಿನ ಚಾವಡಿಯಲ್ಲೇ ಮಲಗುತ್ತೇವೆ. ರೇಷನ್ ಕಾರ್ಡು, ಆಧಾರು, ಜಾಗದ ಕಾಗದ ಮತ್ತು ಮಾವನ ಮಳೆಯ ಪುಸ್ತಕ ಒಂದೇ ಚೀಲದಲ್ಲಿ ಬಾಗಿಲ ಬಳಿ ಇರುತ್ತದೆ.

ನಮ್ಮೂರಿನಲ್ಲಿ ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನವೂ ಇದೆ ಎಂದು ಹೇಳಲು ಮರೆತೆ. ಅವರ 'ಕರ್ವಾಲೊ' ಓದಿದ ಮಕ್ಕಳು ಹಾರುವ ಓತಿಯನ್ನು ಹುಡುಕಿಕೊಂಡು ಬರುತ್ತಾರೆ. ಮುಂದಿನ ಸಲ ನೀವು ಬಂದಾಗ ದೋಸೆ ತಿಂದ ಮೇಲೆ ಅಲ್ಲಿಗೂ ಒಮ್ಮೆ ಹೋಗಿ ಬನ್ನಿ. ಘಾಟಿಯ ತಿರುವುಗಳಲ್ಲಿ ನಿಲ್ಲಿಸಿ ಪ್ಲಾಸ್ಟಿಕ್ ಬಾಟಲಿ ಎಸೆಯಬೇಡಿ. ಅವು ನೇರವಾಗಿ ಹಳ್ಳಗಳ ಬಾಯಿಗೆ ಹೋಗಿ ಕೂರುತ್ತವೆ.

ಇದನ್ನು ಬರೆಯುತ್ತಿರುವ ಇಂದು ಆರಿದ್ರ ಮಳೆ. ಬೆಳಗ್ಗೆ ಎಂಟಕ್ಕೆ ಗಾಜಿಗೆ ಸುರಿದು ನೋಡಿ ಪುಸ್ತಕದಲ್ಲಿ ಬರೆದೆ. "ಎಷ್ಟಾಯಿತು?" ಎಂದು ಮಾಮಿ ಹಾಸಿಗೆಯಿಂದಲೇ ಕೇಳಿದರು. ಎರಡು ಇಂಚು ನಲವತ್ತು ಸೆಂಟ್ ಎಂದೆ. "ಹಿಂದಿನ ಹಳ್ಳ?" ಎಂದರು. ಕೊಡೆ ಹಿಡಿದು ಹೋಗಿ ನೋಡಿ ಬಂದೆ. ನೀರು ತಿಳಿಯಾಗಿ ಹರಿಯುತ್ತಿತ್ತು, ಮಣ್ಣಿನ ಬಣ್ಣವಿರಲಿಲ್ಲ. ಹಾಗೆಂದು ಹೇಳಿದೆ. ಅವರು ತಸ್ಬೀಹ್ ಕೈಗೆತ್ತಿಕೊಂಡರು, ನಾನು ಒಲೆಯ ಕಡೆ ಹೋದೆ.